ಬಿದರಿಯ ಬೆಳ್ಳಿ, ಬಾವಿಯ ಮೋಟರ್

ಪತ್ರ: "ನಮ್ಮ ಬಾವಿ ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರ್‌ನಿಂದ) ಬಹಳ ದೂರ. ವೋಲ್ಟೇಜ್ ಸಾಲದೆ 5 ಎಚ್‌ಪಿ ಮೋಟರ್ ಈ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತು. ಕರೆಂಟ್ ಒಂಚೂರೂ ಸೋರದ ಸೂಪರ್ ಕಂಡಕ್ಟರ್ ತಂತಿ ಇದೆಯಂತೆ. ಅದನ್ನು ನಮ್ಮ ಹೊಲಕ್ಕೆ ಯಾಕೆ ಎಳೆಯಬಾರದು? ಇನ್ನೊಂದು ಮಾತು. ನಮ್ಮಣ್ಣ ಬಿದರಿ ಕೆಲಸದವನು. ಕರೆಂಟ್ ಹರಿಸೋದರಲ್ಲಿ ಬೆಳ್ಳಿಯೇ ಮೇಲು ಅಂತಾರೆ. ಹಾಗಿದ್ದರೆ ಬೆಳ್ಳಿಯೇ ಸೂಪರ್ ಕಂಡಕ್ಟರ್ ಅಲ್ವಾ?"
— ಬೀದರ್ ಜಿಲ್ಲೆಯ ಓದುಗರು

ಸಂಪಾದಕರ ಉತ್ತರ:

ಅಣ್ಣನ ಕೆಲಸದಿಂದಲೇ ಶುರು ಮಾಡುತ್ತೇನೆ. ಬೀದರ್‌ನಲ್ಲಿ ಒಮ್ಮೆ ಬಿದರಿ ಮಾಡುವವರ ಪಕ್ಕ ಕೂತು ನೋಡಿದ್ದೆ. ಸತುವಿನಲ್ಲಿ ಬೆಳ್ಳಿ ಕೂರಿಸಿ, ಉಜ್ಜಿ ನುಣುಪು ಮಾಡಿದ ತಟ್ಟೆಯಲ್ಲಿ ಬೆಳ್ಳಿ ಯಾವುದು, ಸತು ಯಾವುದು ಅಂತ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದರು. ಸತು ಕಪ್ಪಾಯಿತು, ಬೆಳ್ಳಿಯ ಬಳ್ಳಿ ಹಾಗೇ ಬೆಳ್ಳಗೆ ಉಳಿಯಿತು.

ಆ ಎರಡರಲ್ಲಿ ಸೂಪರ್ ಕಂಡಕ್ಟರ್ ಆಗುವುದು ಸತು! ಶುದ್ಧ ಸತುವನ್ನು ಮೈನಸ್ 272.3 ಡಿಗ್ರಿಗಿಂತ ಕೆಳಗೆ ತಂಪು ಮಾಡಿದರೆ ಅದು ಕರೆಂಟ್‌ಗೆ ಒಡ್ಡುವ ತಡೆ ಪೂರ್ತಿ ಹೋಗುತ್ತದೆ. ಬೆಳ್ಳಿಯನ್ನು ಎಷ್ಟು ತಂಪು ಮಾಡಿದರೂ ಇದುವರೆಗೆ ಹಾಗಾಗಿಲ್ಲ. ಯಾಕೆ? ಲೋಹದ ಪರಮಾಣುಗಳು ಸದಾ ನಡುಗುತ್ತಿರುತ್ತವೆ. ಎಲೆಕ್ಟ್ರಾನ್‌ಗಳು ಆ ನಡುಕಕ್ಕೆ ಸಿಕ್ಕಿ ಎಡವುತ್ತವೆ, ತಂತಿ ಬಿಸಿಯಾಗುತ್ತದೆ. ತೀರಾ ತಂಪಿನಲ್ಲಿ, ಎಲೆಕ್ಟ್ರಾನ್‌ಗೂ ನಡುಕಕ್ಕೂ ಇರುವ ಅದೇ ನಂಟು ಎಲೆಕ್ಟ್ರಾನ್‌ಗಳನ್ನು ಜೋಡಿ ಜೋಡಿಯಾಗಿ ಕಟ್ಟುತ್ತದೆ. ಜೋಡಿಯಾದವು ಎಡವುವುದಿಲ್ಲ. ಇದನ್ನು 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ವಿಜ್ಞಾನಿಗಳು ಬಿಡಿಸಿ ಹೇಳಿದರು. ಬೆಳ್ಳಿಯಲ್ಲಿ ಈ ನಂಟೇ ಕಡಿಮೆ. ಅದಕ್ಕೇ ಅದು ಒಳ್ಳೆಯ ವಾಹಕ. ಅದಕ್ಕೇ ಅಲ್ಲಿ ಜೋಡಿಯೂ ಕೂಡುವುದಿಲ್ಲ.

1911ರಲ್ಲಿ ಈ ಗುಣ ಮೊದಲು ಕಂಡಿದ್ದು ಪಾದರಸದಲ್ಲಿ, ಮೈನಸ್ 269 ಡಿಗ್ರಿಯಲ್ಲಿ. ಅಷ್ಟು ತಂಪಿಗೆ ದ್ರವ ಹೀಲಿಯಂ ಬೇಕು, ಅದು ದುಬಾರಿ. 1987ರಲ್ಲಿ ಒಂದು ಪಿಂಗಾಣಿಯಂಥ ವಸ್ತು ಮೈನಸ್ 181ರಲ್ಲೇ ಆ ಗುಣ ತೋರಿಸಿತು. ಅಲ್ಲಿಂದ ದ್ರವ ನೈಟ್ರೋಜನ್ ಸಾಕಾಯಿತು. ಇದನ್ನು ನೀವು ನೋಡಿಯೇ ಇರುತ್ತೀರಿ. ದನದ ದವಾಖಾನೆಯಲ್ಲಿ ವೀರ್ಯದ ಕಡ್ಡಿ ಇಡುವ ಕ್ಯಾನ್ ತೆರೆದಾಗ ಬಿಳಿ ಹೊಗೆ ಕೆಳಗಿಳಿಯುತ್ತದಲ್ಲ, ಅದರೊಳಗೆ ಇರುವುದು ಅದೇ. ಮೈನಸ್ 196 ಡಿಗ್ರಿ.

ಆದರೆ ಪಿಂಗಾಣಿಯನ್ನು ತಂತಿಯಾಗಿ ಎಳೆಯುವುದು ಹೇಗೆ? ಬಿಸ್ಮತ್ ಎಂಬ ಲೋಹ ಇರುವ ಒಂದು ಬಗೆಯನ್ನು ಪುಡಿ ಮಾಡಿ ಬೆಳ್ಳಿಯ ಕೊಳವೆಗೆ ತುಂಬಿ, ಎಳೆದು, ಚಪ್ಪಟೆ ಪಟ್ಟಿ ಮಾಡುತ್ತಾರೆ. ಅಣ್ಣನಿಗೆ ಇದನ್ನು ಖಂಡಿತ ಹೇಳಿ. ಅವರು ಬೆಳ್ಳಿಯನ್ನು ಸತುವಿನೊಳಗೆ ಕೂರಿಸುತ್ತಾರೆ. ಇಲ್ಲಿ ಬೆಳ್ಳಿಯೇ ಹೊರಗಿನ ಮನೆ.

ಇನ್ನು ನಿಮ್ಮ ಹೊಲ. ಜರ್ಮನಿಯ ಎಸ್ಸೆನ್ ಊರಿನಲ್ಲಿ 2014ರಲ್ಲಿ ಸುಮಾರು 1 ಕಿಲೋಮೀಟರ್ ಉದ್ದದ ಇಂಥ ಕೇಬಲ್ ಹಾಕಿದರು. 110 ಕಿಲೋವೋಲ್ಟ್ ಲೈನ್ ಮಾಡುವ ಕೆಲಸವನ್ನು ಅದು 10 ಕಿಲೋವೋಲ್ಟ್‌ನಲ್ಲೇ ಮಾಡಿತು. ಊರ ನಡುವೆ ದೊಡ್ಡ ಸಬ್‌ಸ್ಟೇಷನ್‌ಗೆ ಜಾಗ ಬೇಕಾಗಲಿಲ್ಲ. ಜಾಗವಿಲ್ಲದ, ಕರೆಂಟ್ ಬಹಳ ಬೇಕಾದ ಕಡೆ ಇದಕ್ಕೆ ಬೆಲೆ. ನಿಮ್ಮ ಲೈನ್ ಓಡುವುದು ದಿನಕ್ಕೆ ಕೆಲವೇ ಗಂಟೆ. ಕೇಬಲ್ ತಂಪಿಡುವ ಯಂತ್ರ ಮಾತ್ರ ಹಗಲು ರಾತ್ರಿ ಓಡಬೇಕು. ಒಳಗೆ ಸೋರುವ ಒಂದು ವ್ಯಾಟ್ ಬಿಸಿಯನ್ನು ಹೊರಹಾಕಲು ಹತ್ತು ವ್ಯಾಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ನಮ್ಮ ಕಡೆಯ ಮೇ ಬಿಸಿಲಲ್ಲಿ ಉಳಿತಾಯಕ್ಕಿಂತ ಖರ್ಚೇ ದೊಡ್ಡದಾಗುತ್ತದೆ. ಹಾಗಾಗಿ ಅದಕ್ಕೆ ಕಾಯಬೇಡಿ ಅಂತ ನೇರವಾಗಿಯೇ ಹೇಳುತ್ತೇನೆ.

ನಿಮಗೆ ಬೇಕಾಗಿರುವುದು ಬಾವಿಯ ಹತ್ತಿರ ಒಂದು ಸಣ್ಣ ಟಿ.ಸಿ. ಅಲ್ಲಿಯವರೆಗೆ 11 ಕಿಲೋವೋಲ್ಟ್ ಲೈನ್ ಬರಲಿ. ಅಷ್ಟೇ ಶಕ್ತಿಯನ್ನು 415 ವೋಲ್ಟ್ ಬದಲು 11,000 ವೋಲ್ಟ್‌ನಲ್ಲಿ ಕಳಿಸಿದರೆ ಆಂಪಿಯರ್ ಸುಮಾರು 26ರಲ್ಲಿ ಒಂದು ಪಾಲಾಗುತ್ತದೆ. ಸೋರಿಕೆ ಆಂಪಿಯರ್‌ನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ, ಅದೇ ತಂತಿಯಲ್ಲಿ ಅದು ಸುಮಾರು 700ರಲ್ಲಿ ಒಂದು ಪಾಲು! ಇದು ಹಳೆಯ, ಗಟ್ಟಿ ಉಪಾಯ. ಅದು ಬರುವವರೆಗೆ, ವೋಲ್ಟೇಜ್ ಇಳಿದರೆ ತಾನೇ ಬಂದ್ ಆಗುವ ಸ್ಟಾರ್ಟರ್ ಹಾಕಿಸಿ. ಕಡಿಮೆ ವೋಲ್ಟೇಜ್‌ನಲ್ಲಿ ಮೋಟರ್ ಜಾಸ್ತಿ ಆಂಪಿಯರ್ ಎಳೆದೇ ಸುಡುವುದು.

ಟಿ.ಸಿ. ಕೇಳಿ ವಿದ್ಯುತ್ ಕಂಪನಿಗೆ ಕೊಡುವ ಅರ್ಜಿಯಲ್ಲಿ ಸುಮ್ನೆ "ವೋಲ್ಟೇಜ್ ಇಲ್ಲ" ಅಂತ ಬರೆಯಬೇಡಿ. ಪಂಪ್ ಓಡುತ್ತಿರುವಾಗ ಬಲ್ಲವರಿಂದ ಮೂರೂ ಫೇಸ್ ಅಳೆಸಿ, ದಿನ, ಗಂಟೆ ಹಾಕಿ ಬರೆಯಿರಿ. ಟಿ.ಸಿ.ಯಿಂದ ಬಾವಿಗೆ ಎಷ್ಟು ಕಂಬ ಅಂತಲೂ ಎಣಿಸಿ ಸೇರಿಸಿ.