ಮನೆಯಲ್ಲೂ ಇಂಗ್ಲಿಷೇ ಎಂದ ಮೇಲೆ ಮಾತು ನಿಲ್ಲಿಸಿದ ಮಗು: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪ್ರಕರಣದ ತಿರುಳು ಮಾತ್ರ ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಮನೆಗಳಿಂದ ಪದೇ ಪದೇ ಬರುವಂಥದ್ದು. ಪ್ರತಿ ವರ್ಷ ದಸರಾ ರಜೆ ಮುಗಿದ ಮೇಲೆ ಇಂಥ ಮಕ್ಕಳನ್ನು ಕರೆತರುವುದು ಜಾಸ್ತಿಯಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಗುವನ್ನು ಚಿನ್ನಿ ಎನ್ನೋಣ. ನಾಲ್ಕೂವರೆ ದಾಟಿದೆ, ಎಲ್‌ಕೆಜಿ. ಅಪ್ಪ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರು, ಅವರ ಮನೆಮಾತು ತೆಲುಗು. ಅಮ್ಮ ಶಿರಾ ಕಡೆಯವರು, ಕನ್ನಡ. ಹುಟ್ಟಿದಾಗಿನಿಂದ ಮಗುವನ್ನು ನೋಡಿಕೊಂಡವರು ಅಪ್ಪನ ತಾಯಿ, ಚಿನ್ನಿಯ ಬಾಯಲ್ಲಿ ಅವ್ವ. ಜೂನ್‌ನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದರು. ದಸರಾಕ್ಕೆ ಮುಂಚಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ, ‘ಮಗು ಕ್ಲಾಸಲ್ಲಿ ಬಾಯೇ ಬಿಡಲ್ಲ, ಮನೆಯಲ್ಲಿ ಇಂಗ್ಲಿಷಲ್ಲೇ ಮಾತಾಡಿಸಿ’ ಎಂದರಂತೆ. ಆ ಸಂಜೆಯಿಂದಲೇ ಮನೆಯಲ್ಲಿ ಅದು ಕಟ್ಟುನಿಟ್ಟಾಯಿತು. ಡಿಸೆಂಬರ್ ಹೊತ್ತಿಗೆ ಚಿನ್ನಿ ಮನೆಯಲ್ಲೂ ನೀರು ಬೇಕಾದರೆ ಲೋಟ ತೋರಿಸುವ ಹಾಗಾಗಿದ್ದಳು. ಪಕ್ಕದ ಮನೆಯವರು ಯಾರೋ ಆಟಿಸಂ ಇರಬಹುದು ಎಂದಿದ್ದರು. ತಾಯಿ ನಿದ್ದೆಗೆಟ್ಟು ಫೋನಿನಲ್ಲಿ ಅದನ್ನೇ ಓದಿಕೊಂಡು ಬಂದಿದ್ದರು.

ಮಾತಿನ ತೊಂದರೆ ಎಂದು ಯಾರೇ ಬಂದರೂ ಮೊದಲು ಕಿವಿ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ನಿಂತು ಕೇಳಿಸುವುದು ಮಂದವಾಗುತ್ತದೆ. ನೋವಿರುವುದಿಲ್ಲ, ಆದ್ದರಿಂದ ಮನೆಯವರಿಗೆ ಗೊತ್ತಾಗುವುದೂ ಇಲ್ಲ. ಹಿಂದಿನಿಂದ ಮೆಲ್ಲಗೆ ಕರೆದಾಗ ಮಗು ತಿರುಗಿತು ಎಂಬುದು ಸಾಲದು. ಜಿಲ್ಲಾಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ ಶ್ರವಣ ಪರೀಕ್ಷೆ ಮಾಡಿಸಲೇಬೇಕು. ಚಿನ್ನಿಗೆ ಮಾಡಿಸಿದೆವು, ಸರಿಯಿತ್ತು. ಎರಡನೆಯದು, ಶಾಲೆಗೆ ಸೇರುವ ಮುಂಚೆ ಮಗು ಹೇಗೆ ಮಾತಾಡುತ್ತಿತ್ತು ಎಂಬುದು. ಅಪ್ಪನ ಫೋನಿನಲ್ಲಿ ಯುಗಾದಿಯ ವಿಡಿಯೊ ಸಿಕ್ಕಿತು. ಕರುವಿಗೆ ಹುಲ್ಲು ತಿನ್ನಿಸುತ್ತಾ, ಅದು ಯಾಕೆ ತಿನ್ನುತ್ತಿಲ್ಲ, ಅದರಮ್ಮ ಎಲ್ಲಿ ಹೋಯಿತು ಎಂದು ತೆಲುಗಿನಲ್ಲಿ ಉದ್ದುದ್ದ ವಾಕ್ಯಗಳಲ್ಲಿ ಕೇಳುತ್ತಿದ್ದ ಮಗು ಅದು. ಮಧ್ಯೆ ಅಮ್ಮನ ಕಡೆ ತಿರುಗಿ ಕನ್ನಡ. ಆಟಿಸಂ ಇದೆ, ಇಲ್ಲ ಎಂದು ನಿರ್ಧರಿಸುವುದು ತಜ್ಞರ ಕೆಲಸ. ಆದರೂ ಬೆರಳು ಮಾಡಿ ತೋರಿಸುವುದು, ತೋರಿಸಿ ನಮ್ಮ ಮುಖ ನೋಡುವುದು, ಗೊಂಬೆಗೆ ಉಣ್ಣಿಸುವ ಆಟ, ಎಲ್ಲವೂ ಈ ಮಗುವಿನಲ್ಲಿ ಚೆನ್ನಾಗಿದ್ದವು.

ತಿರುವು ಬಂದದ್ದು ಅವ್ವ ಜೊತೆಗೆ ಬಂದ ದಿನ. ಅದುವರೆಗೆ ತಂದೆ ತಾಯಿ ಇಬ್ಬರೇ ಬರುತ್ತಿದ್ದರು. ತಾಯಿ ಮಗುವನ್ನು ಕೂರಿಸಿಕೊಂಡು, ‘ಕಮ್ ಚಿನ್ನಿ, ಸಿಟ್. ಸೇ ಗುಡ್ ಮಾರ್ನಿಂಗ್. ಟೆಲ್ ಯುವರ್ ನೇಮ್. ಡೋಂಟ್ ಟಚ್’ ಎನ್ನುತ್ತಿದ್ದರು. ಮಗು ಅಮ್ಮನ ತುಟಿ ನೋಡುತ್ತಿತ್ತು, ಅಷ್ಟೆ. ಅವ್ವ ಹೊರಗಿನ ಬೆಂಚಿನ ಮೇಲೆ ಕೂತು, ಬರುವಾಗ ಕೊಂಡಿದ್ದ ಅವರೆಕಾಯಿ ಚೀಲ ಬಿಚ್ಚಿಕೊಂಡು ಸೆರಗಿಗೆ ಕಾಳು ಬಿಡಿಸುತ್ತಿದ್ದರು. ಒಳಗೇ ಬಂದು ಬಿಡಿಸಿ ಎಂದೆ. ಚಿನ್ನಿ ತಾನೇ ಎದ್ದು ಹೋಗಿ ಅವರ ಮೊಣಕಾಲಿಗೆ ಒತ್ತಿಕೊಂಡು ಕೂತಳು. ಒಂದು ಕಾಯಿ ತೆಗೆದುಕೊಂಡು ಅಂಚು ಹಿಡಿದು ತಿರುಚಿದಳು. ಬಿಚ್ಚಲಿಲ್ಲ. ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಸೀಳಿದಳು. ಒಳಗೆ ಹಸಿರು ಹುಳವೊಂದು ಮಿಸುಕುತ್ತಿತ್ತು.

‘ಅವ್ವಾ, ದೀಂಟ್ಲೋ ಪುರುಗುಂದಿ!’ (ಅವ್ವಾ, ಇದರಲ್ಲಿ ಹುಳ ಇದೆ!)

ಕೋಣೆ ತುಂಬುವ ಗಟ್ಟಿ ದನಿ. ಮರುಕ್ಷಣ ಮಗು ಬಾಯಿಗೆ ಕೈ ಅಡ್ಡ ಹಿಡಿದು ಅಮ್ಮನ ಕಡೆ ನೋಡಿತು. ಅವ್ವನೂ ಸೊಸೆಯ ಕಡೆಯೇ ನೋಡಿದರು. ಏನೂ ಹೇಳದೆ ಹುಳದ ಕಾಯನ್ನು ಕಸಕ್ಕೆ ಹಾಕಿದರು. ಯಾಕೆ ಸುಮ್ಮನಾದಿರಿ ಎಂದು ಕೇಳಿದೆ.

‘ಏನ್ ಮಾಡೋದಮ್ಮ, ನಾನು ತೆಲುಗಲ್ಲಿ ಮಾತಾಡಿದ್ರೆ ಮಗು ಇಂಗ್ಲಿಷ್ ಕಲಿಯಲ್ಲ ಅಂತ ಸ್ಕೂಲಲ್ಲಿ ಹೇಳವ್ರಂತೆ. ನಂಗೆ ಇಂಗ್ಲಿಷ್ ಬರಲ್ಲ. ಅದರ ಭವಿಷ್ಯಕ್ಕೆ ನಾನ್ಯಾಕೆ ಅಡ್ಡ ಬರ್ಲಿ ಅಂತ ಮಾತೇ ಕಮ್ಮಿ ಮಾಡ್ಬಿಟ್ಟೆ. ಊಟಕ್ಕೆ ಕರೆಯೋದೂ ಕೈಸನ್ನೇಲೇ.’

ತಾಯಿ ಅಳತೊಡಗಿದರು. ಅವ್ವ ಮಾತು ನಿಲ್ಲಿಸಿದ್ದು ಅವರ ಗಮನಕ್ಕೇ ಬಂದಿರಲಿಲ್ಲ. ತಮ್ಮ ಮಟ್ಟಿಗೆ ಅವರು ಮಗುವಿನ ಜೊತೆ ದಿನವಿಡೀ ಮಾತಾಡುತ್ತಲೇ ಇದ್ದರು. ಆದರೆ ಏನು ಮಾತಾಡುತ್ತಿದ್ದರು ಎಂದು ಕೂತು ಪಟ್ಟಿ ಮಾಡಿದರೆ ಕಮ್, ಗೋ, ಸಿಟ್, ಈಟ್ ಫಾಸ್ಟ್, ಡೋಂಟ್ ಡೂ. ಎಲ್ಲವೂ ಅಪ್ಪಣೆ. ಇಂಥ ಮನೆಗಳಲ್ಲಿ ಆಗುವ ದೊಡ್ಡ ನಷ್ಟ ಇದೇ. ದೊಡ್ಡವರು ತಮಗೆ ಅರೆಬರೆ ಬರುವ ಭಾಷೆಗೆ ಹೊರಳಿದಾಗ ‘ಯಾಕೆ’, ‘ಆಮೇಲೆ ಏನಾಯ್ತು’, ‘ನಿನಗೇನನ್ನಿಸುತ್ತೆ’ ಎಂಬ ಮಾತುಗಳು ಹೋಗಿ ಹುಕುಂ ಮಾತ್ರ ಉಳಿಯುತ್ತದೆ. ಕತೆ ಇಲ್ಲ, ಗದರಿಕೆಯ ಬೆನ್ನಿಗೆ ಬರುವ ಮುದ್ದಿಲ್ಲ, ಕಾರಣ ಹೇಳುವುದಿಲ್ಲ. ಮಗುವಿನ ಬುದ್ಧಿ ಬೆಳೆಯುವುದು ಆ ಹೋದ ಮಾತುಗಳಿಂದ.

ಅಂದು ಕೊಟ್ಟ ಸಲಹೆ ಸರಳ: ಯಾರಿಗೆ ಯಾವ ಭಾಷೆಯಲ್ಲಿ ತಡೆಯಿಲ್ಲದೆ ಮಾತು ಬರುತ್ತದೋ ಅವರು ಆ ಭಾಷೆಯಲ್ಲೇ ಮಗುವಿನ ಜೊತೆ ಮಾತಾಡಬೇಕು. ಅವ್ವ ತೆಲುಗು, ಅಮ್ಮ ಕನ್ನಡ, ಅಪ್ಪ ಎರಡೂ.

ತಂದೆ ಒಪ್ಪಲಿಲ್ಲ. ‘ಮೇಡಂ, ಫೀಸು ಕಟ್ಟಿರೋದೇ ಇಂಗ್ಲಿಷಿಗೆ. ಮೂರು ಭಾಷೆ ಒಟ್ಟಿಗೆ ತಲೆಗೆ ಹಾಕಿದ್ರೆ ಗೊಂದಲ ಆಗಲ್ವಾ?’ ಎಂದರು. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಂಗ್ಲಿಷ್ ಬಂದರೆ ಮಗಳು ಮಂಡಿಯ ಲೆಕ್ಕದ ಪುಸ್ತಕಕ್ಕಿಂತ ಆಚೆ ಹೋಗುತ್ತಾಳೆ ಎಂದು ಅವರು ನಂಬಿದ್ದಾರೆ, ಅದರಲ್ಲಿ ತಪ್ಪೇನಿದೆ? ಇಂಗ್ಲಿಷ್ ಬೇಡ ಎನ್ನುವವಳು ನಾನಲ್ಲ. ಆದರೆ ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಮಗುವಿನ ಮಾತು ತಡವಾಗುವುದಿಲ್ಲ. ಒಂದೇ ವಾಕ್ಯದಲ್ಲಿ ತೆಲುಗು, ಕನ್ನಡ ಬೆರೆಸುವುದು ಗೊಂದಲದ ಗುರುತೂ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಸಂತೆಯಲ್ಲಿ ನಿಂತರೆ ದೊಡ್ಡವರು ಮಾತಾಡುವುದೂ ಹಾಗೇ. ಹೊಸ ಭಾಷೆಯ ತರಗತಿಗೆ ಬಂದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಬಾಯಿ ಬಿಡದೆ ಕೇಳಿಸಿಕೊಳ್ಳುವುದೂ ಸಹಜವೇ. ಆ ಹೊತ್ತಿನಲ್ಲಿ ಮನೆಯ ಭಾಷೆಯನ್ನೂ ಕಿತ್ತುಕೊಂಡರೆ ಮಗುವಿಗೆ ನಿಲ್ಲಲು ನೆಲವೇ ಇರುವುದಿಲ್ಲ.

2022ರಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಮನೆಮಾತಿನಲ್ಲೇ ಕಲಿಕೆ ನಡೆಯಬೇಕು ಎನ್ನುತ್ತದೆ. ತಂದೆಗೆ ಅದನ್ನು ತೋರಿಸಿದೆ. ಅದಕ್ಕಿಂತ ಹೆಚ್ಚು ನಾಟಿದ್ದು ಇನ್ನೊಂದು ಲೆಕ್ಕ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ನಮ್ಮಲ್ಲಿರುವ ನಿಯಮ (2025-26ಕ್ಕೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು). ಅಂದರೆ ಚಿನ್ನಿಗೆ ಇನ್ನೂ ಒಂದೂವರೆ ವರ್ಷವಿದೆ. ಅವಸರ ಯಾರದ್ದು?

ಮನೆಯಲ್ಲಿ ಮಾಡಬೇಕಾದ್ದಕ್ಕೆ ಹೊಸ ಸಾಮಾನು ಏನೂ ಕೊಳ್ಳಿಸಲಿಲ್ಲ. ಅವರೆ ಕಾಲ, ಮನೆಯಲ್ಲಿ ಹೇಗೂ ಹಿದುಕವರೆ ಸಾರು ಆಗುತ್ತದೆ. ಬಿಡಿಸಿದ ಹಸಿಕಾಳನ್ನು ರಾತ್ರಿ ಮುಳುಗುವಷ್ಟು ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಅದರಲ್ಲಿ ಒಂದು ಹಿಡಿ, ಅಷ್ಟೇ, ಮಗುವಿನ ಮುಂದಿಡಬೇಕು. ಜಾಸ್ತಿ ಇಟ್ಟರೆ ಅರ್ಧಕ್ಕೆ ಎದ್ದು ಹೋಗುತ್ತದೆ, ‘ಮುಗಿಸಲಿಲ್ಲ’ ಎಂಬ ಬೈಗುಳ ಶುರುವಾಗುತ್ತದೆ. ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಬರುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವುದೂ ಇದೇ ಬೆರಳುಗಳ ಬಲದಿಂದ. ಬೇಳೆ ಒಂದು ಬಟ್ಟಲಿಗೆ, ಸಿಪ್ಪೆ ಇನ್ನೊಂದಕ್ಕೆ. ಒಂದೊಂದು ಬೇಳೆ ಹಾಕುವಾಗ ಒಂದೊಂದು ಅಂಕಿ ಹೇಳುವುದು. ನೂರರವರೆಗೆ ಬಾಯಿಪಾಠ ಒಪ್ಪಿಸುವ ಎಷ್ಟೋ ಮಕ್ಕಳಿಗೆ ಏಳು ಕಾಳು ಎಣಿಸಿ ಕೊಡಲು ಬರುವುದಿಲ್ಲ. ಅಂಕಿ ಬಾಯಲ್ಲಿ ಓಡುತ್ತದೆ, ಬೆರಳು ಹಿಂದೆ ಉಳಿಯುತ್ತದೆ. ಐದರೊಳಗೆ ಅದು ಸರಿಯಾದ ಮೇಲೆ ಹತ್ತಕ್ಕೆ ಹೋದರೆ ಸಾಕು.

ದೊಡ್ಡವರು ಪಕ್ಕದಲ್ಲೇ ಇರಬೇಕು. ಕಾಳು ಮೂಗಿಗೆ ಹೋದರೆ ಪಿನ್ನು, ಕಡ್ಡಿ ಹಾಕಿ ಕೀಳಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ನೇರ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಮೂರು ವರ್ಷದೊಳಗಿನ ಇನ್ನೊಂದು ಮಗುವಿದ್ದರೆ ಈ ಕೆಲಸ ಅದು ಮಲಗಿದ ಮೇಲೆ.

ಈ ಹೊತ್ತಿನಲ್ಲಿ ಹೇಗೆ ಮಾತಾಡಬೇಕು ಎಂಬುದನ್ನೇ ಅವ್ವನಿಗೂ ಅಮ್ಮನಿಗೂ ಹೆಚ್ಚು ಹೊತ್ತು ಹೇಳಿದೆ. ‘ಇದೇನು? ಇದ್ಯಾವ ಕಲರ್? ಹೇಳು, ಹೇಳು’ ಎಂದು ಪರೀಕ್ಷೆ ಮಾಡಬಾರದು. ಮಾತು ನಿಲ್ಲಿಸಿದ ಮಗುವಿಗೆ ಪ್ರಶ್ನೆಯೆಂದರೆ ಎದೆ ಹಿಡಿದಂತಾಗುತ್ತದೆ. ಪ್ರಶ್ನೆಯ ಬದಲು ಕಂಡದ್ದನ್ನು ಹೇಳುತ್ತಾ ಹೋಗಿ: ‘ಈ ಕಾಯಲ್ಲಿ ಮೂರೇ ಕಾಳು. ಇದು ಬಲಿತಿಲ್ಲ. ಅಯ್ಯೋ, ಇದು ಕೈಯಿಂದ ಹಾರಿಹೋಯ್ತು.’ ಹೇಳಿ ಬಾಯಿ ಮುಚ್ಚಿಕೊಳ್ಳಿ, ಮನಸ್ಸಿನಲ್ಲೇ ನಿಧಾನವಾಗಿ ಐದು ಎಣಿಸಿ. ಹೆಚ್ಚಿನವರು ಸೋಲುವುದು ಈ ಐದರಲ್ಲಿ. ಎರಡಕ್ಕೇ ತಡೆಯಲಾರದೆ ಮತ್ತೆ ಮಾತಾಡಿಬಿಡುತ್ತಾರೆ. ಮಗು ಮಾತಾಡಿದರೆ ಚಪ್ಪಾಳೆ, ಚಾಕೊಲೇಟು ಬೇಡ. ಎಲ್ಲರೂ ತನ್ನ ಬಾಯನ್ನೇ ಕಾಯುತ್ತಿದ್ದಾರೆ ಎಂದು ಅದಕ್ಕೆ ಗೊತ್ತಾಗಬಾರದು. ಮಾಮೂಲಿನಂತೆ ಉತ್ತರ ಕೊಟ್ಟು ಮುಂದುವರಿಯಿರಿ.

ಇಂಗ್ಲಿಷಿಗೆ ಅಮ್ಮನ ಜೊತೆ ಸಂಜೆ ಹತ್ತು ನಿಮಿಷ: ಶಾಲೆಯ ಒಂದು ರೈಮ್ಸ್ ಕೈಬಾಯಿ ಆಡಿಸಿಕೊಂಡು, ಅಥವಾ ಚಿತ್ರದ ಪುಸ್ತಕದ ಎರಡು ಪುಟ. ಚಿತ್ರದ ಬಗ್ಗೆ ಮಾತು ಕನ್ನಡದಲ್ಲೇ, ಇಂಗ್ಲಿಷ್ ಪದ ಒಂದೆರಡು ಅದರೊಳಗೆ. ದಿನಕ್ಕೆರಡು ಪುಟ ಕಾಪಿ ಬರೆಸುವ ಹೋಂವರ್ಕನ್ನು ಒಂದು ಸಾಲಿಗೆ ಇಳಿಸಲು ಶಾಲೆಯನ್ನು ಕೇಳಿ ಎಂದೆ. ಮಕ್ಕಳಿಗೆ ಸೊನ್ನೆ ನೋಡಿ ಬರೆಯಲು ಸುಮಾರು ಮೂರಕ್ಕೆ, ಕೂಡಿಸುವ ಚಿಹ್ನೆ ನಾಲ್ಕಕ್ಕೆ, ತ್ರಿಕೋನ ಐದಕ್ಕೆ ಬರುತ್ತದೆ. ಓರೆಗೆರೆ ಎಳೆಯಲೇ ಬಾರದ ಕೈಗೆ ಅಕ್ಷರದ ಪುಟ ತುಂಬಿಸಿದರೆ ಅಕ್ಷರದ ಮೇಲೆ ಹೇಸಿಗೆ ಹುಟ್ಟುತ್ತದೆ.

ಶಾಲೆಯ ಜೊತೆ ಜಗಳ ಬೇಡವೆಂದೂ ಹೇಳಿದೆ. ಟೀಚರಿಗೆ ಒಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳಿರುತ್ತಾರೆ ಎಂದು ನಮಗೆ ಗೊತ್ತಿದೆ. ಕೇಳಿದ್ದು ಮೂರೇ. ಎದ್ದು ನಿಲ್ಲಿಸಿ ಹೇಳು ಎಂದು ಒತ್ತಾಯಿಸಬಾರದು, ತಲೆಯಾಡಿಸಿದರೂ ಬೆರಳು ತೋರಿಸಿದರೂ ಉತ್ತರವೆಂದು ಒಪ್ಪಬೇಕು. ತೆಲುಗು ಮಾತಾಡುವ ಹುಡುಗಿಯ ಪಕ್ಕ ಕೂರಿಸಬೇಕು. ಒಂದಕ್ಕೆ ಹೋಗಬೇಕಾದಾಗ ತೋರಿಸಲು ಕಿರುಬೆರಳ ಸನ್ನೆ ಗೊತ್ತುಮಾಡಿ, ಆಯಮ್ಮನಿಗೂ ತಿಳಿಸಬೇಕು. ಕೊನೆಯದು ಬಹಳ ಮುಖ್ಯ. ಬಾಯಿ ಬಿಟ್ಟು ಕೇಳಲಾಗದ ಮಗು ಮಧ್ಯಾಹ್ನದವರೆಗೆ ಮೂತ್ರ ತಡೆದುಕೊಳ್ಳುತ್ತದೆ, ನೀರು ಕುಡಿಯುವುದನ್ನೇ ಬಿಡುತ್ತದೆ. ಚಿನ್ನಿಯ ನೀರಿನ ಬಾಟಲು ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು.

ಮನೆಯಲ್ಲಿ ಮಾತು ಬೇಗ ಮರಳಿತು. ಶಾಲೆಯಲ್ಲಿ ಹಾಗಾಗಲಿಲ್ಲ. ಪಕ್ಕದ ಹುಡುಗಿಯ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ, ಟೀಚರ್ ಹತ್ತಿರ ಬಂದರೆ ನಿಲ್ಲಿಸುತ್ತಾಳೆ. ಚೆನ್ನಾಗಿ ಬರುವ ಭಾಷೆಯಲ್ಲೂ ಒಂದು ಜಾಗದಲ್ಲಿ ಮಾತ್ರ ಮಾತು ಹೊರಡದೆ, ಶಾಲೆಗೆ ಸೇರಿದ ಮೊದಲ ತಿಂಗಳು ಬಿಟ್ಟು ಒಂದು ತಿಂಗಳಿಗಿಂತ ಹೆಚ್ಚು ಹಾಗೇ ಇದ್ದರೆ ಅದು ಹಟವಲ್ಲ, ಆತಂಕದ ಒಂದು ಬಗೆ. ಅದಕ್ಕೆ ಈಗ ಮೆಟ್ಟಿಲು ಮೆಟ್ಟಿಲಾಗಿ ಕೆಲಸ ನಡೆದಿದೆ. ಬೆಲ್ಲಿಗೆ ಕಾಲುಗಂಟೆ ಮುಂಚೆ ಖಾಲಿ ಕ್ಲಾಸಿನಲ್ಲಿ ಅವ್ವ ಮತ್ತು ಚಿನ್ನಿ ಇಬ್ಬರೇ ಆಡುತ್ತಾರೆ. ಅಲ್ಲಿ ಮಾತು ಸಲೀಸಾದ ಮೇಲೆ ಟೀಚರ್ ಬಾಗಿಲ ಹೊರಗೆ ನಿಲ್ಲುತ್ತಾರೆ, ಆಮೇಲೆ ಒಳಗೆ ಬಂದು ತಮ್ಮ ಪಾಡಿಗೆ ಏನೋ ಬರೆಯುತ್ತಾ ಕೂರುತ್ತಾರೆ, ಆಮೇಲೆ ಆಟಕ್ಕೆ ಸೇರುತ್ತಾರೆ, ಕೊನೆಗೆ ಅವ್ವ ಹೊರಗೆ. ಒಂದು ಮೆಟ್ಟಿಲು ಹಗುರವಾಗದೆ ಮುಂದಿನದಿಲ್ಲ. ಹೊಸ ಜಾಗ, ಹೊಸ ವ್ಯಕ್ತಿ ಎರಡನ್ನೂ ಒಂದೇ ದಿನ ಸೇರಿಸಿದರೆ ಹಿಂದಕ್ಕೆ ಬೀಳುತ್ತದೆ. ಶಾಲೆ ಇದಕ್ಕೆ ಒಪ್ಪಿದ್ದು ದೊಡ್ಡ ಮಾತು. ತಂದೆ ಈಗಲೂ ಇಂಗ್ಲಿಷ್ ಯಾವಾಗ ಎಂದು ಕೇಳುತ್ತಾರೆ, ನಾನೂ ‘ಅವಸರ ಯಾರದ್ದು?’ ಎಂಬ ಅದೇ ಉತ್ತರ ಕೊಡುತ್ತೇನೆ.

ಈಗಾಗಲೇ ಇಂಥ ನಿಯಮ ಹಾಕಿ ಮಗು ಸುಮ್ಮನಾಗಿರುವ ಮನೆಯವರಿಗೆ: ‘ಇನ್ಮೇಲೆ ಮಾತಾಡು’ ಎಂದು ಮಗುವಿಗೆ ಹೇಳಬೇಡಿ. ಮನೆಮಾತು ನಿಲ್ಲಿಸಿದ ದೊಡ್ಡವರು ಮೊದಲು ಶುರುಮಾಡಬೇಕು, ಉತ್ತರ ಬರಲಿ ಬಿಡಲಿ. ಎರಡು ಮೂರು ವಾರದಲ್ಲಿ ಮನೆಯೊಳಗೂ ಬದಲಾವಣೆ ಕಾಣದಿದ್ದರೆ, ಮಗು ಯಾವ ಭಾಷೆಯಲ್ಲೂ ಮೂರು ನಾಲ್ಕು ಪದ ಕೂಡಿಸಿ ಎಂದೂ ಮಾತಾಡಿಲ್ಲವಾದರೆ, ಬರುತ್ತಿದ್ದ ಮಾತು ಇಂಥ ಕಾರಣವೇನೂ ಇಲ್ಲದೆಯೇ ನಿಂತುಹೋದರೆ ಕಾಯಬೇಡಿ. ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಕಳಿಸಿದರೆ ಹೋಗಿ. ಹೋಗುವಾಗ ಶಾಲೆಗೆ ಸೇರುವ ಮುಂಚಿನ ಒಂದೆರಡು ವಿಡಿಯೊ ಫೋನಿನಲ್ಲಿರಲಿ, ಮಗುವಿನ ಜೊತೆ ಅತಿ ಹೆಚ್ಚು ಹೊತ್ತು ಇರುವವರೂ ಜೊತೆಯಲ್ಲಿ ಬರಲಿ.