ಅಮೆರಿಕದಲ್ಲಿ ಓಟು ಹಾಕಲು ಐಡಿ ಕೇಳಿದರೆ ಇಷ್ಟು ಗಲಾಟೆ ಯಾಕೆ?

ನೀವು ಕೇಳಿದ್ದು: "ನಮ್ಮಲ್ಲಿ ಎಲ್ಲರೂ ಗುರುತಿನ ಚೀಟಿ ತೋರಿಸಿಯೇ ಓಟು ಹಾಕುತ್ತೇವೆ. ಅಮೆರಿಕದಲ್ಲಿ ಅದನ್ನು ಕೇಳಿದರೆ ಹಕ್ಕೇ ಹೋಯಿತು ಅಂತ ಯಾಕೆ ಕೂಗಾಡುತ್ತಾರೆ? ಅಲ್ಲಿರುವ ನಮ್ಮವರಿಗೂ ಇದು ತಟ್ಟುತ್ತದಾ?"

ನಾನಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕ. ಇಲ್ಲಿನ ಪೌರತ್ವ ಬಂದ ಮೇಲೆ, ಬಿಡುವಾದಾಗ ಜನರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸ ಮಾಡುತ್ತೇನೆ. ಇಲ್ಲಿ ರಾಜ್ಯಕ್ಕೊಂದು ಚುನಾವಣಾ ಕಾನೂನು, ಹಾಗಾಗಿ ಟೆಕ್ಸಸ್ ಕಥೆಯನ್ನೇ ಹೇಳುತ್ತೇನೆ.

ಐಡಿ ಕೇಳುವುದೇ ತಪ್ಪು ಅಂತ ನನಗೇನೂ ಅನ್ನಿಸುವುದಿಲ್ಲ. ಯಾವ ಐಡಿ ನಡೆಯುತ್ತದೆ, ಅದನ್ನು ಮಾಡಿಸಿಕೊಡುವ ಹೊಣೆ ಯಾರದು ಅನ್ನುವುದೇ ತಕರಾರು. ಊರಲ್ಲಿ ಎಪಿಕ್ ಕಾರ್ಡಿಗೆ, ಅಂದರೆ ಮತದಾರರ ಗುರುತಿನ ಚೀಟಿಗೆ, ಕಾಸು ಕೊಡಬೇಕಿಲ್ಲ. ಬಿಎಲ್‌ಒ ಅಂತ ಅಂಗನವಾಡಿಯವರೋ ಶಾಲೆಯ ಮೇಷ್ಟ್ರೋ ಮನೆಗೇ ಬರುತ್ತಾರೆ. ಕಾರ್ಡ್ ಕಳೆದುಹೋದರೆ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಫೋಟೊ ಇರುವ ಪಾಸ್‌ಬುಕ್ ಕೂಡ ನಡೆಯುತ್ತದೆ. ಅವತ್ತು ಸಂಬಳಸಹಿತ ರಜೆ ಬೇರೆ. ಇಲ್ಲಿ ದೇಶಕ್ಕೆಲ್ಲ ಒಂದೇ ಗುರುತಿನ ಚೀಟಿ ಅನ್ನುವುದೇ ಇಲ್ಲ. ನವೆಂಬರಿನ ಚುನಾವಣೆ ಮಂಗಳವಾರವೇ ಆಗಬೇಕು, ಅದು 1845ರ ಕಾನೂನು. ಕೇಂದ್ರ ಸರ್ಕಾರದ ರಜೆಯೂ ಅಲ್ಲ. ಪಟ್ಟಿಗೆ ಸೇರುವುದು ಅವರವರ ಪಾಡು. (ಊರಲ್ಲಿ ಎಲ್ಲ ಸರಿಯಿದೆ ಅಂತಲ್ಲ. 2025ರಲ್ಲಿ ಬಿಹಾರದ ಪಟ್ಟಿ ಪರಿಷ್ಕರಣೆಯಲ್ಲಿ ಕರಡಿನಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದವು. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಅಂತ ಆಯೋಗ ಹೇಳಿತು. ಆ ಹೆಸರುಗಳನ್ನು ಪ್ರಕಟಿಸಿ, ಆಧಾರ್ ಒಪ್ಪಿಕೊಳ್ಳಿ ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.)

ಟೆಕ್ಸಸ್ 2011ರಲ್ಲಿ ಫೋಟೊ ಐಡಿ ಕಾನೂನು ಮಾಡಿತು. ಬಂದೂಕಿನ ಲೈಸೆನ್ಸ್ ತೋರಿಸಿ ಓಟು ಹಾಕಬಹುದು, ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾರ್ಡ್ ಮಾತ್ರ ನಡೆಯುವುದಿಲ್ಲ! ಪಟ್ಟಿಯಲ್ಲಿ ಹೆಸರಿದ್ದೂ ಇಂಥ ಐಡಿ ಇಲ್ಲದವರು ಸುಮಾರು 6 ಲಕ್ಷ ಜನ ಅಂತ 2014ರಲ್ಲಿ ಫೆಡರಲ್ ನ್ಯಾಯಾಲಯ ಲೆಕ್ಕ ಹಿಡಿಯಿತು. ಅವರಲ್ಲಿ ಬಡವರು, ಕಪ್ಪು ಜನ, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಜನರ ಪಾಲು ಹೆಚ್ಚು. ಐಡಿ ಇಲ್ಲದವರಿಗೆ ಬಿಟ್ಟಿ ಕಾರ್ಡ್ ಕೊಡುತ್ತೇವೆ ಅಂದರು. ಅದಕ್ಕೆ ಜನನ ಪ್ರಮಾಣಪತ್ರ ಹುಡುಕಬೇಕು, ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಗೆ ಹೋಗಬೇಕು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ರಾಜ್ಯದ 254 ಕೌಂಟಿಗಳಲ್ಲಿ ಎಷ್ಟೋ ಕಡೆ ಆ ಕಚೇರಿಯೇ ಇಲ್ಲ. ಕಾರು ಓಡಿಸದವನಿಗೆ ಲೈಸೆನ್ಸ್ ಇರುವುದಿಲ್ಲ, ಲೈಸೆನ್ಸ್ ಇಲ್ಲದವನು ಆ ಕಚೇರಿಗೆ ಹೋಗುವುದು ಹೇಗೆ? ಬಸ್ಸಿನ ವಿಷಯ ಇಲ್ಲಿ ಕೇಳಲೇಬೇಡಿ.

ಜನ ಸಂಶಯಪಡುವುದಕ್ಕೆ ಹಳೆಯ ಕಾರಣವೂ ಇದೆ. 1902ರಿಂದ 1966ರವರೆಗೆ ಟೆಕ್ಸಸ್‌ನಲ್ಲಿ ಓಟು ಹಾಕಬೇಕಾದರೆ ಒಂದೂವರೆ ಡಾಲರಿಗೆ ಕಡಿಮೆಯಿಲ್ಲದ ತಲೆಗಂದಾಯ ಕಟ್ಟಬೇಕಿತ್ತು. ಕಾಗದದ ಮೇಲೆ ಎಲ್ಲರಿಗೂ ಒಂದೇ ನಿಯಮ, ಏಟು ಬಿದ್ದದ್ದು ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ. ಇಂಥ ಇತಿಹಾಸ ಇದ್ದುದರಿಂದಲೇ 1965ರ ಮತದಾನ ಹಕ್ಕು ಕಾಯ್ದೆ ಬಂತು. ಆ ಕಾಯ್ದೆಯಡಿ, ಮುಂದೆ ಟೆಕ್ಸಸ್ಸೂ ಸೇರಿ ಕೆಲವು ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕಾಯಿತು. 2013ರ ಜೂನ್ 25ರಂದು ಶೆಲ್ಬಿ ಕೌಂಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರ ತೀರ್ಪಿನಲ್ಲಿ ಆ ಕಟ್ಟುಪಾಡನ್ನು ನಿರುಪಯುಕ್ತ ಮಾಡಿತು. ಅದೇ ದಿನ ಟೆಕ್ಸಸ್, ಅಲ್ಲಿಯವರೆಗೆ ಆ ಒಪ್ಪಿಗೆ ಸಿಗದೆ ನಿಂತಿದ್ದ ಐಡಿ ಕಾನೂನನ್ನು ಜಾರಿ ಮಾಡುತ್ತೇವೆ ಅಂದಿತು.

ಆದರೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮೇಲಿನ ಕೋರ್ಟುಗಳಲ್ಲಿ ಪೆಟ್ಟು ತಿಂದ ಮೇಲೆ 2017ರಲ್ಲಿ ಕಾನೂನು ಸಡಿಲವಾಯಿತು. ಈಗ ಐಡಿ ಮಾಡಿಸಲಾಗದವರು ಕಾರಣ ಬರೆದು ಸಹಿ ಹಾಕಿ, ಕರೆಂಟ್ ಬಿಲ್ಲಿನಂಥದ್ದು ತೋರಿಸಿ ಓಟು ಹಾಕಬಹುದು. 2008ರಿಂದ 2018ರವರೆಗಿನ ದೇಶವ್ಯಾಪಿ ದಾಖಲೆ ನೋಡಿದ ಅಧ್ಯಯನವೊಂದರ ಪ್ರಕಾರ, ಬಿಗಿ ಐಡಿ ಕಾನೂನುಗಳಿಂದ ಒಟ್ಟು ಮತದಾನ ಹೇಳಿಕೊಳ್ಳುವಷ್ಟು ಇಳಿದಿಲ್ಲ, ಮೋಸ ಕಡಿಮೆಯಾದದ್ದೂ ಕಾಣಲಿಲ್ಲ. ಎರಡೂ ಪಕ್ಷದವರ ಅಬ್ಬರಕ್ಕೆ ಹೋಲಿಸಿದರೆ ಫಲ ಇಷ್ಟೇ.

ನನ್ನ ಪ್ರಕಾರ ನಿಜವಾದ ಕಾಟ ಯಾರ ಕಣ್ಣಿಗೂ ಬೀಳದ ಸಣ್ಣ ನಿಯಮಗಳಲ್ಲಿದೆ. ಟೆಕ್ಸಸ್‌ನಲ್ಲಿ ಹೊಸಬರು ಆನ್‌ಲೈನ್‌ನಲ್ಲಿ ಪಟ್ಟಿಗೆ ಸೇರುವ ಹಾಗಿಲ್ಲ. ಫಾರಂ ತುಂಬಿ ಚುನಾವಣೆಗೆ 30 ದಿನ ಮೊದಲೇ ತಲುಪಿಸಬೇಕು. ತುಂಬಿದ ಫಾರಂ ನಾನು ಇಸ್ಕೊಳ್ಳಬೇಕಾದರೆ ಆ ಕೌಂಟಿ ನನ್ನನ್ನು ವಾಲಂಟಿಯರ್ ಡೆಪ್ಯುಟಿ ರಿಜಿಸ್ಟ್ರಾರ್ ಅಂತ ನೇಮಿಸಿರಬೇಕು. ನಮ್ಮವರು ತುಂಬ ಇರುವ ಫ್ರಿಸ್ಕೊ ಊರು ಕಾಲಿನ್, ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿದೆ. ಕಾಲಿನ್ ನೇಮಕ ಮಾತ್ರ ಇದ್ದರೆ, ಡೆಂಟನ್ ಭಾಗದಲ್ಲಿ ಮನೆ ಇರುವವರಿಗೆ ಖಾಲಿ ಫಾರಂ ಕೊಟ್ಟು ಅಂಚೆಗೆ ಹಾಕಿ ಅನ್ನಬಹುದು, ಅಷ್ಟೆ. ಇಸ್ಕೊಂಡದ್ದನ್ನು ಐದು ದಿನದೊಳಗೆ ಕೈಯಾರೆ ತಲುಪಿಸದಿದ್ದರೆ ನನ್ನ ಮೇಲೇ ಕೇಸು. ಕನ್ನಡ ಸಂಘದ ಯುಗಾದಿಗೆ ಟೇಬಲ್ ಹಾಕಿದರೆ ಊಟಕ್ಕೆ ನಿಂತ ಸಾಲಿನಲ್ಲಿ ಯಾರ ಮನೆ ಯಾವ ಕೌಂಟಿ ಅಂತ ವಿಚಾರಿಸುವುದೇ ಅರ್ಧ ಕೆಲಸ.

ಇನ್ನು ನಮ್ಮವರಿಗೆ ತಟ್ಟುವ ವಿಷಯ. ಎಚ್‌1ಬಿ, ಗ್ರೀನ್ ಕಾರ್ಡ್‌ನವರಿಗೆ ಓಟೇ ಇಲ್ಲ. ಲೈಸೆನ್ಸ್ ಕಚೇರಿಯಲ್ಲಿ ಕೊಡುವ ಕಾಗದದಲ್ಲಿ "ನಾನು ಪೌರ" ಅನ್ನುವ ಕಡೆ ಮೈಮರೆತು ಟಿಕ್ ಹಾಕಬೇಡಿ, ಗಡೀಪಾರಿನವರೆಗೂ ಹೋಗಬಹುದು. ಪೌರತ್ವ ಪಡೆದ ಅಪ್ಪ ಅಮ್ಮ ಇದ್ದು, 65 ದಾಟಿದ್ದರೆ ಅಂಚೆಯಲ್ಲಿ ಓಟು ಹಾಕಬಹುದು. 2021ರ ಕಾನೂನು ಬಂದ ಮೇಲೆ ಲಕೋಟೆಯ ಮಡಿಕೆಯ ಒಳಗೆ ಐಡಿ ನಂಬರ್ ಬರೆಯಬೇಕು, ಅದು ಪಟ್ಟಿಯಲ್ಲಿರುವ ನಂಬರಿಗೆ ಹೊಂದಬೇಕು. ಬಹಳ ಹಿಂದೆ ಪಟ್ಟಿಗೆ ಸೇರಿದವರಿಗೆ, ಆಗ ಕೊಟ್ಟದ್ದು ಲೈಸೆನ್ಸ್ ನಂಬರೋ ಕೇಂದ್ರ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರೋ ಹೇಗೆ ನೆನಪಿರಬೇಕು? 2022ರ ಮಾರ್ಚ್ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಅಂಚೆ ಮತಗಳಲ್ಲಿ ಶೇ. 12ರಷ್ಟು, ಅಂದರೆ 24 ಸಾವಿರಕ್ಕೂ ಹೆಚ್ಚು, ತಿರಸ್ಕೃತವಾದವು. ನವೆಂಬರಿನ ಹೊತ್ತಿಗೆ ಅದು ಬಹಳ ಇಳಿಯಿತು. ನಿಮ್ಮವರು ಯಾರಾದರೂ ಇಲ್ಲಿದ್ದರೆ ಇಷ್ಟು ಹೇಳಿ: ಲೈಸೆನ್ಸ್ ನಂಬರ್, ಸೋಶಿಯಲ್ ಸೆಕ್ಯುರಿಟಿಯ ಕೊನೆಯ ನಾಲ್ಕು ಅಂಕೆ, ಎರಡನ್ನೂ ಬರೆಯಲಿ, ಅರ್ಜಿಯ ಮೇಲೂ ಲಕೋಟೆಯ ಮೇಲೂ.