ಜಲಾಶಯದ ನೋಟ್‌ಪುಸ್ತಕ

ನಾನು ಆಪ್ತಸಲಹೆಗಾರ್ತಿ. ನನ್ನ ಬಳಿ ಬಂದ ಹುಡುಗಿಯೊಬ್ಬಳ ಕಥೆಯಿದು, ಗುರುತು ಸಿಗದಂತೆ ಊರು, ವಯಸ್ಸು, ಉದ್ಯೋಗ ಎಲ್ಲವನ್ನೂ ಬದಲಿಸಿದ್ದೇನೆ. ಹೆಸರು ವಸುಧಾ ಎಂದಿಟ್ಟುಕೊಳ್ಳೋಣ. ವಯಸ್ಸು 26, ಮನೆ ಭದ್ರಾ ಅಚ್ಚುಕಟ್ಟಿನ ಒಂದು ಪಟ್ಟಣದಲ್ಲಿ, ಕೆಲಸ ಲೆಕ್ಕಪರಿಶೋಧಕರ ಕಚೇರಿಯಲ್ಲಿ.

ಮೊದಲ ದಿನ ಮಾತನಾಡಿದ್ದೆಲ್ಲ ತಾಯಿ. ಅಡುಗೆಮನೆಯ ಗ್ಯಾಸ್ ರೆಗ್ಯುಲೇಟರ್ ಆರಿದೆಯೋ ಇಲ್ಲವೋ ಎಂದು ಮಗಳು ರಾತ್ರಿ ಮೂವತ್ತು ಸಲ ಎದ್ದು ಹೋಗುತ್ತಾಳೆ. ಮೊಬೈಲಿನಲ್ಲಿ ಅದೇ ರೆಗ್ಯುಲೇಟರಿನ ನಾನೂರು ಫೋಟೊಗಳಿವೆ. "ಅಮ್ಮ, ಆರಿಸಿದ್ದೇನೆ ತಾನೇ?" ಎಂದು ಕೇಳುತ್ತಾಳೆ. "ಆರಿಸಿದ್ದೀಯಮ್ಮ" ಎಂದರೆ ಹತ್ತು ನಿಮಿಷ ನೆಮ್ಮದಿ, ಆಮೇಲೆ ಅದೇ ಪ್ರಶ್ನೆ. ದೂರಿನ ಪಟ್ಟಿ ಅಲ್ಲಿಗೇ ಮುಗಿಯಲಿಲ್ಲ. ದಿನವೂ ಪತ್ರಿಕೆ ಬಂದೊಡನೆ ರಾಜ್ಯದ ಜಲಾಶಯಗಳ ನೀರಿನ ಮಟ್ಟವನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ, ಒಂದೇ ಸ್ಟೀಲ್ ತಟ್ಟೆಯಲ್ಲಿ ಉಣ್ಣುತ್ತಾಳೆ, ಮದುವೆ ಮನೆಗೆ ಹೋದರೆ ಮೂಲೆಯಲ್ಲಿ ನಿಂತು ಬೆರಳು ತಿರುವುತ್ತಾಳೆ. ಹಿಂದೆ ನೋಡಿದ್ದ ಸಲಹೆಗಾರರೊಬ್ಬರು ಇವೆಲ್ಲವನ್ನೂ ಗೀಳಿನ ಕಾಯಿಲೆಯ (ಒಸಿಡಿ) ಲೆಕ್ಕಕ್ಕೆ ಹಾಕಿ, ನೋಟ್‌ಪುಸ್ತಕ ಬಿಡಿಸುವುದರಿಂದಲೇ ಚಿಕಿತ್ಸೆ ಶುರು ಮಾಡಿದ್ದರಂತೆ. ಅಣ್ಣ ಆ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದ್ದ. ರಾತ್ರಿಯ ಓಡಾಟ ದುಪ್ಪಟ್ಟಾದದ್ದು ಆ ತಿಂಗಳಿನಿಂದ.

ಎರಡನೆಯ ಭೇಟಿಯಲ್ಲಿ ತಾಯಿಯನ್ನು ಹೊರಗೆ ಕೂರಿಸಿ ವಸುಧಾಳನ್ನು ಕೇಳಿದೆ: ನೋಟ್‌ಪುಸ್ತಕ ಬರೆಯದಿದ್ದರೆ ಏನಾಗುತ್ತದೆ? "ಬೇಸರವಾಗುತ್ತದೆ. ಬರೆಯುವಾಗ ಚೆನ್ನಾಗಿರುತ್ತದೆ." ರೆಗ್ಯುಲೇಟರ್ ನೋಡದಿದ್ದರೆ? "ಅಮ್ಮ ಸತ್ತುಹೋಗುತ್ತಾಳೆ. ನನಗೆ ನೋಡಲು ಇಷ್ಟವಿಲ್ಲ. ಆದರೂ ನೋಡಬೇಕು."

ಒಂದರಲ್ಲಿ ಹಿತ, ಇನ್ನೊಂದರಲ್ಲಿ ಭಯ. ಎಲ್ಲರಲ್ಲೂ ಇಷ್ಟು ಸಲೀಸಾಗಿ ಗೆರೆ ಎಳೆಯಲು ಆಗುವುದಿಲ್ಲ. ರೂಢಿಯ ಕ್ರಮ ತಪ್ಪಿದರೆ ಆಟಿಸಂ (ಮಿದುಳಿನ ಬೆಳವಣಿಗೆಯೇ ಬೇರೆ ರೀತಿಯದಾದ ಸ್ಥಿತಿ) ಇರುವವರೂ ಕಂಗೆಡುತ್ತಾರೆ, ಹೊರಗಿನಿಂದ ನೋಡಿದರೆ ಗೀಳೂ ರೂಢಿಯೂ ಹಟದಂತೆಯೇ ಕಾಣುತ್ತವೆ. ಆದರೆ ವಸುಧಾಳ ಮನೆಯಲ್ಲಿ ಎಲ್ಲ ತಲೆಕೆಳಗಾಗಿತ್ತು. ಅವಳನ್ನು ತೇಲಿಸುತ್ತಿದ್ದ ನೋಟ್‌ಪುಸ್ತಕವನ್ನು ಕಾಯಿಲೆ ಎಂದು ಕಿತ್ತುಕೊಂಡಿದ್ದರು. ಮುಳುಗಿಸುತ್ತಿದ್ದ ಪ್ರಶ್ನೆಗೆ ಪ್ರೀತಿಯಿಂದ ಉತ್ತರ ಕೊಡುತ್ತಿದ್ದರು.

ಚಿಕಿತ್ಸಕ ಮನಶ್ಶಾಸ್ತ್ರಜ್ಞರ ಬಳಿ ಕಳುಹಿಸಿದೆ. ಬಾಲ್ಯದ ವಿವರಗಳನ್ನೆಲ್ಲ ಕೇಳಿ, ಗೀಳಿನ ಕಾಯಿಲೆಯ ಜೊತೆಗೆ ಆಟಿಸಂ ಕೂಡ ಇದೆ ಎಂದು ಅವರು ಬರೆದುಕೊಟ್ಟರು. ಓದಿನಲ್ಲಿ ಮುಂದಿದ್ದ, ತಂಟೆ ಮಾಡದ ಹೆಣ್ಣುಮಗಳು. ಶಾಲೆಯಲ್ಲಿ "ನಾಚಿಕೆ ಸ್ವಭಾವ" ಎಂದು ಬರೆದು ಮುಗಿಸಿದ್ದರು. ಆಟಿಸಂ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ ಎಂದು ಅಣ್ಣನಿಗೆ ತಿಳಿಸಿದೆ. ಪ್ರಮಾಣಪತ್ರ ಬೇಕೋ ಬೇಡವೋ ಎನ್ನುವುದನ್ನು ವಸುಧಾಳೇ ನಿರ್ಧರಿಸಲಿ ಎಂದೆ. ಸದ್ಯಕ್ಕೆ ಬೇಡ ಎಂದಳು.

ನಾನು ಮಾಡಿದ ಮೊದಲ ಕೆಲಸ ಅಟ್ಟದಿಂದ ನೋಟ್‌ಪುಸ್ತಕ ಇಳಿಸಿಕೊಡಿ ಎಂದದ್ದು. ಎರಡನೆಯದು ನನ್ನ ಕೋಣೆಯ ಟ್ಯೂಬ್‌ಲೈಟ್ ಆರಿಸಿದ್ದು. ಅದರ ಗುಂಯ್‌ಗುಡುವಿಕೆಯಲ್ಲಿ ನನ್ನ ಮಾತು ಕೇಳಿಸುವುದಿಲ್ಲ ಎಂದು ಅವಳು ಮೂರನೆಯ ಭೇಟಿಯಲ್ಲಿ ಹೇಳಿದ್ದಳು. ಅದುವರೆಗೆ ನನ್ನ ಮಾತು ಅವಳಿಗೆ ತಲುಪದ್ದನ್ನು ನಾನು ಅಸಹಕಾರ ಎಂದುಕೊಂಡಿದ್ದೆ.

ಗೀಳಿಗೆ ಹೆಚ್ಚು ಫಲ ಕೊಡುವ ಚಿಕಿತ್ಸೆ ಎಂದರೆ ಭಯವನ್ನು ಎದುರಿಗಿಟ್ಟುಕೊಂಡು, ಅದು ಹೇಳಿದ ಕೆಲಸವನ್ನು ಮಾಡದೆ ಕೂರುವುದು. ಇದನ್ನು ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಎನ್ನುತ್ತಾರೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇದನ್ನು ಇಬ್ಬರು ರೋಗಿಗಳ ಮೇಲೆ ಪ್ರಯೋಗಿಸಿ ಬರೆದಾಗ, ಆಸ್ಪತ್ರೆಯಲ್ಲಿ ನರ್ಸುಗಳನ್ನು ಕಾವಲಿಗಿಟ್ಟು ತಡೆಯುವ ಕ್ರಮವಿತ್ತು. ಅಂಥ ಬಲವಂತ ಯಾರಿಗೂ ಬೇಡ. ಮುನ್ಸೂಚನೆಯಿಲ್ಲದ ಬದಲಾವಣೆಯಿಂದಲೇ ತತ್ತರಿಸುವ ವಸುಧಾಳಿಗಂತೂ ಖಂಡಿತ ಬೇಡ. ಹಾಗಾಗಿ ಪ್ರತಿ ಹೆಜ್ಜೆಯನ್ನೂ ವಾರ ಮುಂಚೆ ಕಾಗದದ ಮೇಲೆ ಬರೆದು, ಅವಳು ತಿದ್ದಿ ಒಪ್ಪಿದ ಮೇಲಷ್ಟೇ ಶುರು ಮಾಡಿದೆವು.

ಭಯ ಸೊನ್ನೆಯಿಂದ ಹತ್ತರಲ್ಲಿ ಎಷ್ಟಿದೆ ಎಂದು ಕೇಳಿದರೆ ಅವಳಿಗೆ ಉತ್ತರ ಹೊಳೆಯುತ್ತಿರಲಿಲ್ಲ. "ಭಯ ಗೊತ್ತಾಗುವುದಿಲ್ಲ, ಕುತ್ತಿಗೆ ಬಿಸಿಯಾಗುತ್ತದೆ" ಎನ್ನುತ್ತಿದ್ದಳು. ಹಾಗಾದರೆ ಜಲಾಶಯದ ಮಟ್ಟದಲ್ಲಿ ಹೇಳು ಎಂದೆ. ಕೂಡಲೇ ಭದ್ರಾವನ್ನು ಆರಿಸಿಕೊಂಡಳು. ಪೂರ್ಣ ಮಟ್ಟ 186 ಅಡಿ. "ಈಗ 171" ಎಂದಳು. ನಾನು ಹುರುಪಿನಿಂದ, ರೆಗ್ಯುಲೇಟರ್ ನೋಡುವುದೆಂದರೆ ಕ್ರಸ್ಟ್ ಗೇಟ್ ತೆರೆದ ಹಾಗೆ, ಗೇಟ್ ಮುಚ್ಚಿಯೇ ಇರಲಿ ಎಂದೆ. "ತುಂಬಿದಾಗ ಗೇಟ್ ತೆರೆಯದಿದ್ದರೆ ಅಣೆಕಟ್ಟು ಒಡೆಯುತ್ತದೆ, ಮೇಡಂ." ಉಪಮೆಯನ್ನು ಅಲ್ಲಿಗೇ ಕೈಬಿಟ್ಟೆ. ಐದು ನಿಮಿಷಕ್ಕೊಮ್ಮೆ ಮಟ್ಟ ಬರೆ, ಸಾಕು ಎಂದೆ. ಆರು ವಾರದ ನಂತರ ಗ್ರಾಫ್ ತಂದು ತೋರಿಸಿದಳು: ಮೊದಲು ಏರಿಕೆ, ನಲವತ್ತು ನಿಮಿಷಕ್ಕೆ ಇಳಿಕೆ. "ಮಳೆ ನಿಂತ ಮೇಲೆ ಒಳಹರಿವು ತಾನೇ ಕಡಿಮೆಯಾಗುತ್ತದೆ." ಉಪಮೆ ನನ್ನದಕ್ಕಿಂತ ಸರಿಯಾಗಿತ್ತು.

"ಒಂದೇ ಸಲ ನೋಡು" ಎಂದರೆ ಅವಳಿಗೆ ಸಾಲದು. ಒಂದು ಸಲ ಎಂದರೆ ಏನು? ಗುಂಡಿ ತಿರುಗಿಸಿ, ಕೈ ತೆಗೆದು, ಬಾಗಿಲು ದಾಟುವುದು ಎಂದು ಬರೆದುಕೊಟ್ಟೆ. ನಿಖರ ಸೂಚನೆ ಅವಳಿಗೆ ಆಸರೆ ಎಂದುಕೊಂಡಿದ್ದೆ, ಹೌದು ಕೂಡ. ಮೂರು ವಾರದಲ್ಲಿ ಆ ಸೂಚನೆಯೇ ಹೊಸ ಗೀಳಾಯಿತು: ಕೈ ಸರಿಯಾಗಿ ತೆಗೆಯಲಿಲ್ಲ ಎನಿಸಿದರೆ ಮೊದಲಿನಿಂದ. ಆಟಿಸಂ ಇರುವವರ ಜೊತೆ ಕೆಲಸ ಮಾಡುವವರು ಇದನ್ನು ಎದುರುನೋಡುತ್ತಿರಬೇಕು, ನಾನು ನೋಡಿರಲಿಲ್ಲ. ಆಮೇಲೆ ಒಂದು ದಿನ ಎಡಗೈ, ಒಂದು ದಿನ ಬಲಗೈ, ಒಂದು ದಿನ ಹಾಡು ಗುನುಗುತ್ತಾ ಆರಿಸುವುದು ಎಂದು ಬೇಕೆಂದೇ ಕ್ರಮ ಕೆಡಿಸಿದೆವು. ಕೆಡಿಸುವ ವೇಳಾಪಟ್ಟಿಯನ್ನು ಅವಳೇ ಹಾಕಿದಳು.

ತಾಯಿಗೆ ಕೊಟ್ಟ ಸಲಹೆ ಎಲ್ಲಕ್ಕಿಂತ ಕಷ್ಟದ್ದು. ಪ್ರಶ್ನೆಗೆ ಉತ್ತರ ಕೊಡಬೇಡಿ, ಸುಮ್ಮನೂ ಇರಬೇಡಿ. "ಇದು ಗೀಳು ಕೇಳುತ್ತಿರುವ ಪ್ರಶ್ನೆ ವಸು, ಉತ್ತರ ಹೇಳುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ" ಎನ್ನಿ. ಈ ವಾಕ್ಯವನ್ನು ವಸುಧಾಳೇ ಒಪ್ಪಿ, ತನ್ನ ಕೈಯಿಂದ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದಳು. ಮೊದಲ ವಾರ ದಿನಕ್ಕೆ ಐದು ಪ್ರಶ್ನೆಗಳಿಗೆ ಮಾತ್ರ ಹೀಗೆ, ಉಳಿದವಕ್ಕೆ ಹಳೆಯ ಉತ್ತರ. ಬೆರಳು ತಿರುವಿದರೆ ತಡೆಯಬೇಡಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಎನ್ನಬೇಡಿ, ಮದುವೆ ಮನೆಯಿಂದ ಅರ್ಧ ಗಂಟೆಗೆ ಹೊರಟರೆ ಹೊರಡಲಿ. ಇವು ಚಿಕಿತ್ಸೆಯ ವಿಷಯಗಳೇ ಅಲ್ಲ.

ಔಷಧ ಮನೋವೈದ್ಯರ ಕೆಲಸ, ಆಪ್ತಸಲಹೆಗಾರರದಲ್ಲ. ಅವರು ಸರ್ಟ್ರಾಲಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸಿದರು. ಗೀಳಿಗೆ ಇಂಥ ಮಾತ್ರೆಗಳು ಕೆಲಸ ಮಾಡಿದವೋ ಇಲ್ಲವೋ ಎಂದು ತಿಳಿಯಲು ಎಂಟರಿಂದ ಹನ್ನೆರಡು ವಾರ ಬೇಕು. ನಾಲ್ಕನೆಯ ವಾರಕ್ಕೇ ನಿಲ್ಲಿಸಲು ಹೊರಟಿದ್ದ ಅಣ್ಣನಿಗೆ ಇದನ್ನು ಎರಡು ಸಲ ಹೇಳಬೇಕಾಯಿತು. ಹತ್ತಿರದಲ್ಲಿ ಮನೋವೈದ್ಯರಿಲ್ಲದ ಊರಿನವರು 14416ಕ್ಕೆ ಕರೆ ಮಾಡಬಹುದು. ಟೆಲಿ ಮಾನಸ್ ಎಂಬ ಈ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಉಚಿತ, ಕನ್ನಡದಲ್ಲೂ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿನ ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ.

ಒಂಬತ್ತು ತಿಂಗಳಾದವು. ರಾತ್ರಿ ಮೂವತ್ತಿದ್ದದ್ದು ಎರಡು ಮೂರಕ್ಕೆ ಇಳಿದಿದೆ. ಕಚೇರಿಯಲ್ಲಿ ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲಿ ಹತ್ತಕ್ಕೆ ಏರಿತ್ತು. ಫೋಟೊಗಳನ್ನು ಅಳಿಸಿದ್ದಾಳೆ. ನೋಟ್‌ಪುಸ್ತಕ ಹದಿನಾಲ್ಕನೆಯದು ನಡೆಯುತ್ತಿದೆ.

ಕಳೆದ ಭೇಟಿಯಲ್ಲಿ ತಾಯಿ ಹೊರಡುವಾಗ ಬಾಗಿಲ ಬಳಿ ನಿಂತು ದನಿ ತಗ್ಗಿಸಿದರು: "ಅವಳು ಕೇಳುವುದು ನಿಲ್ಲಿಸಿದ ಮೇಲೆ, ನನಗೇ ಎದ್ದು ಹೋಗಿ ನೋಡಿ ಬರೋಣ ಎನಿಸುತ್ತದೆ, ಮೇಡಂ." ಒಂದು ಸಲ ನೋಡಿ ಬನ್ನಿ, ವಸುಧಾಳಿಗೆ ಹೇಳಬೇಡಿ ಎಂದೆ. ಆದರೆ ಒಳಗಿನಿಂದ ವಸುಧಾಳಿಗೆ ಆಗಲೇ ಕೇಳಿಸಿತ್ತು.